ಮೇಲಿನ ರೂಮಿನ ಅಜ್ಜಿ: ಕೆಳಗೆ ಕರ್ಕೊಂಡು ಬರ್ಬೋದಾ ಬೇಡ್ವಾ?

(ಕೊರೊನಾ ಎರಡನೇ ಅಲೆ ಇಳಿದ ಮೇಲೆ, 2021ರಲ್ಲಿ ಬರೆದ ಪ್ರಶ್ನೋತ್ತರ)

ಪ್ರಶ್ನೆ: ಡಾಕ್ಟ್ರೇ, ನಮ್ದು ದಾವಣಗೆರೆ, ವಿನೋಬನಗರ. ನಮ್ಮ ಅತ್ತೆಗೆ 73 ವರ್ಷ, ಬಿಪಿ ಶುಗರ್ ಎರಡೂ ಇದೆ, ಕೊರೊನಾ ಲಸಿಕೆ ಕೋವಿಶೀಲ್ಡ್ ಮಾರ್ಚಲ್ಲಿ ಒಂದು ಜೂನಲ್ಲಿ ಒಂದು ಎರಡೂ ಡೋಸ್ ಆಗಿದೆ. ಏಪ್ರಿಲ್ ಕೊನೇಲಿ ಎರಡನೇ ಅಲೆ ಜೋರಾದಾಗ ನಮ್ಮನೆಯವ್ರು ಅವ್ರನ್ನ ಮೇಲಿನ ರೂಮಿಗೆ ಶಿಫ್ಟ್ ಮಾಡಿದ್ರು. ಟಿವಿ, ಬಾತ್‌ರೂಮ್ ಎಲ್ಲ ಅಲ್ಲೇ ಇದೆ, ಊಟ ತಿಂಡಿ ಮೇಲಕ್ಕೇ ಹೋಗುತ್ತೆ, ಮಕ್ಕಳು ಮೆಟ್ಟಿಲು ಹತ್ತಂಗಿಲ್ಲ. ಮಂಡಿಪೇಟೇಲಿ ನಮ್ದು ಕಿರಾಣಿ ಅಂಗಡಿ, ನಮ್ಮನೆಯವ್ರು ರಾತ್ರಿ ಬಂದು ಅವ್ರಿಗೆ ಮಾತ್ರೆ ಕೊಟ್ಟು ಅರ್ಧ ಗಂಟೆ ಕೂತು ಬರ್ತಾರೆ. ಈಗ ಎರಡು ತಿಂಗಳಿಂದ ಅತ್ತೆ ಸರಿಯಾಗಿ ಉಣ್ತಿಲ್ಲ, ಇರೋ ಒಂದು ರೊಟ್ಟೀಲೂ ಅರ್ಧ ಬಿಡ್ತಾರೆ. ಹಗಲೆಲ್ಲ ಮಲಗ್ತಾರೆ, ರಾತ್ರಿ ಎದ್ದು ಓಡಾಡ್ತಾರೆ, ಒಂದೊಂದ್ಸಲ ಮೈಯೆಲ್ಲ ಬೆವರಿರುತ್ತೆ. ಕೇಳಿದ್ದಕ್ಕೆ ಏನೇನೋ ಉತ್ತರ ಕೊಡ್ತಾರೆ. ಮೊನ್ನೆ ನನ್ನ ಮಗಳನ್ನ ಅವ್ರ ತಂಗಿ ಹೆಸರು ಹಿಡಿದು ಕರೆದ್ರು. ಆ ತಂಗಿ ಮೇನಲ್ಲಿ ಕೊರೊನಾದಿಂದ ತೀರ್ಕೊಂಡ್ರು, ಅತ್ತೆ ತಡ್ಕೊಳ್ಳಲ್ಲ ಅಂತ ನಾವಿನ್ನೂ ಹೇಳಿಲ್ಲ. ಪಕ್ಕದ ಮನೆಯವ್ರು ಹೇಳಿದ್ರು ಅಂತ ದಿನಾ ಎರಡು ಹೊತ್ತು ಕಷಾಯ, ಮೂರು ಹೊತ್ತು ಸ್ಟೀಮ್ ಕೊಡ್ತಿದೀವಿ, ಆದ್ರೂ ಬಿಪಿ 160 ತೋರಿಸ್ತಿದೆ. ಆಗಸ್ಟ್ 23ರಿಂದ ಮಗನಿಗೆ ಒಂಬತ್ತನೇ ಕ್ಲಾಸು ಶುರುವಾಗಿದೆ, ಇನ್ನು ಅಮ್ಮ ಕೆಳಗೆ ಬರೋದೇ ಬೇಡ ಅಂತಾರೆ ನಮ್ಮನೆಯವ್ರು. ಇದು ಅರಳು ಮರಳಾ? ಅವ್ರನ್ನ ಕೆಳಗೆ ಕರ್ಕೊಂಡು ಬರ್ಬೋದಾ ಬೇಡ್ವಾ?

ಉತ್ತರ: ತಾಯಿ, ನಿಮ್ಮ ಪತ್ರ ಎರಡು ಸಲ ಓದ್ದೆ. ನೀವು ಕೇಳಿರೋದು ಸ್ಕೂಲಿಗೆ ಹೋಗೋ ಮೊಮ್ಮಗನಿಂದ ಅಜ್ಜಿಗೆ ಕೊರೊನಾ ಬಂದ್ಬಿಟ್ರೆ ಅಂತ. ಅದಕ್ಕೆ ಬರ್ತೀನಿ. ಆದ್ರೆ ನನ್ನ ಕಣ್ಣು ಹೋಗಿ ನಿಂತಿದ್ದು ರಾತ್ರಿ ಬೆವರ್ತಾರೆ ಅನ್ನೋ ಮಾತಿನ ಮೇಲೆ, ಸ್ಕೂಲಿನ ವಿಷಯ ನಾಲ್ಕು ದಿನ ಕಾದ್ರೂ ನಡೆಯುತ್ತೆ, ಇದು ಇವತ್ತೇ ನೋಡ್ಬೇಕಾದ್ದು.

ಅವ್ರ ಶುಗರ್ ಮಾತ್ರೆ ಸ್ಟ್ರಿಪ್ ತಿರುಗಿಸಿ ಓದಿ. ಬರೀ ಮೆಟ್‌ಫಾರ್ಮಿನ್ ಇದ್ರೆ ನನಗೆ ಅಷ್ಟು ಭಯ ಇಲ್ಲ. ಅದರ ಜೊತೆ ಗ್ಲಿಮೆಪಿರೈಡ್ ಅಂತಲೋ ಗ್ಲಿಕ್ಲಜೈಡ್ ಅಂತಲೋ ಇದ್ರೆ, ಆ ಔಷಧಿ ಹೊಟ್ಟೆಗೆ ಊಟ ಬಿದ್ರೂ ಬೀಳದಿದ್ರೂ ತನ್ನ ಕೆಲಸ ತಾನು ಮಾಡುತ್ತೆ, ಶುಗರ್ ಇಳಿಸುತ್ತೆ. ಎರಡು ರೊಟ್ಟಿ, ಮೇಲೊಂದಿಷ್ಟು ಅನ್ನ ಉಣ್ತಿದ್ದಾಗ ಯಾರೋ ಬರೆದುಕೊಟ್ಟ ಡೋಸು ಅದು, ಈಗ ಅರ್ಧ ರೊಟ್ಟಿಗೂ ಅದೇ ಡೋಸು ನಡೀತಿದೆ. ಶುಗರ್ ಕಮ್ಮಿಯಾದ್ರೆ ಬೆವರುತ್ತೆ, ತಲೆ ಮಂಕಾಗುತ್ತೆ, ಮನುಷ್ಯ ನಿದ್ದೆಗಣ್ಣಲ್ಲಿ ಎದ್ದು ಓಡಾಡ್ತಾನೆ, ನೋಡೋರಿಗೆ ಮರೆವಿನ ಕಾಯಿಲೆ ಥರಾನೇ ಕಾಣುತ್ತೆ. ಇವತ್ತು ರಾತ್ರಿ ಎದ್ರೆ ಗ್ಲೂಕೋಮೀಟರಲ್ಲಿ ಚೆಕ್ ಮಾಡಿ. 70ಕ್ಕಿಂತ ಕೆಳಗಿದ್ರೆ ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಒಂದಿಷ್ಟು ಅನ್ನ ಮೊಸರು ತಿನ್ನಿಸಿ. ಮಂಪರಲ್ಲಿದ್ದು ನುಂಗೋಕೆ ಆಗ್ತಿಲ್ಲ ಅಂದ್ರೆ ಬಾಯಿಗೆ ಏನೂ ಹುಯ್ಯಬೇಡಿ, 108ಕ್ಕೆ ಫೋನ್ ಮಾಡಿ. ಮಾತ್ರೆ ನೀವೇ ನಿಲ್ಲಿಸೋದು, ಅರ್ಧ ಮಾಡೋದು ಬೇಡ, ನಾಳೆ ಬೆಳಿಗ್ಗೆ ನಿಮ್ಮ ಡಾಕ್ಟ್ರಿಗೆ ಫೋನ್ ಮಾಡಿ ಊಟ ಇಷ್ಟಕ್ಕೆ ಇಳಿದಿದೆ ಅಂತ ಹೇಳಿದ್ರೆ ಅವ್ರೇ ಬದಲಾಯಿಸ್ತಾರೆ.

ಇನ್ನು ಅರಳು ಮರಳು. ಅರವತ್ತಕ್ಕೆ ಅರಳು ಮರಳು ಅಂತ ನಮ್ಮೋರು ಗಾದೆ ಮಾಡಿ ಇಟ್ಟಿದ್ದು ನನ್ನಂಥೋರ ಕೆಲಸ ಎಷ್ಟು ಕೆಡಿಸಿದೆ ಅಂದ್ರೆ, ವಯಸ್ಸಾದೋರು ಒಂದು ಮಾತು ಹೆಚ್ಚು ಕಮ್ಮಿ ಆಡಿದ್ರೆ ಸಾಕು ಮನೆಯವ್ರೇ ಡಯಾಗ್ನೋಸಿಸ್ ಮಾಡಿ ಮುಗಿಸಿರ್ತಾರೆ. ನಿಜವಾದ ಮರೆವಿನ ಕಾಯಿಲೆ ಸಾಮಾನ್ಯವಾಗಿ ವರ್ಷಗಟ್ಟಲೆ ಮೆಲ್ಲಗೆ ಬರೋದು. ಏಪ್ರಿಲ್‌ವರೆಗೂ ಸರಿಯಾಗಿದ್ದೋರು ಎರಡು ತಿಂಗಳಲ್ಲಿ ಹಿಂಗಾದ್ರು ಅಂದ್ರೆ ಮೊದಲು ಹುಡುಕ್ಬೇಕಾದ್ದು ಸರಿಪಡಿಸೋಕೆ ಆಗೋ ಕಾರಣಗಳನ್ನ. ಶುಗರ್ ಆಯ್ತು. ಊಟ ಕಮ್ಮಿಯಾಗಿ, ಜೊತೆಗೆ ಬಿಪಿಗೆ ಅಂತ ಮೂತ್ರ ಹೋಗಿಸೋ ಮಾತ್ರೆ ಏನಾದ್ರೂ ಇದ್ರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತೆ, ಅದು ಇಳಿದ್ರೆ ತಲೆ ಗೊಂದಲ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ, ಅದರಲ್ಲೂ ಬರೀ ಸಸ್ಯಾಹಾರ ಆದ್ರೆ ವಿಟಮಿನ್ ಬಿ12 ಕಮ್ಮಿಯಾಗುತ್ತೆ. ಥೈರಾಯ್ಡ್ ಇರ್ಬೋದು, ಉರಿ ಇಲ್ದೇನೂ ಮೂತ್ರದ ಸೋಂಕು ಇರ್ಬೋದು. ಇವೆಲ್ಲ ಮಾಮೂಲಿ ರಕ್ತ, ಮೂತ್ರ ಪರೀಕ್ಷೇಲೇ ಗೊತ್ತಾಗ್ತವೆ, ಕಿಡ್ನಿಗೆ ಕ್ರಿಯಾಟಿನಿನ್ ಒಂದು ಸೇರಿಸಿ ಅನ್ನಿ. ಚಿಗಟೇರಿ ಜಿಲ್ಲಾಸ್ಪತ್ರೇಲಿ ಮಾಡಿಸಿದ್ರೂ ಸರಿ, ನಿಮ್ಮ ಫ್ಯಾಮಿಲಿ ಡಾಕ್ಟ್ರ ಹತ್ರ ಆದ್ರೂ ಸರಿ, ಆಸ್ಪತ್ರೆಗೆ ಹೋದ್ರೆ ಅಲ್ಲೇ ಅಂಟ್ಕೊಳ್ಳುತ್ತೆ ಅನ್ನೋ ಭಯ ಇದ್ರೆ ಬೆಳಿಗ್ಗೆ ಬೇಗ ಹೋಗಿ, ಒಳ್ಳೆ ಮಾಸ್ಕ್ ಹಾಕಿ, ಜನ ಕಮ್ಮಿ ಇರೋ ಹೊತ್ತಲ್ಲಿ ಮುಗಿಸ್ಕೊಂಡು ಬನ್ನಿ. ತಲೆ ಸ್ಕ್ಯಾನು ಅದು ಇದು ಆಮೇಲೆ.

ಕೇಳಿದ್ದಕ್ಕೆ ಏನೇನೋ ಉತ್ತರ ಕೊಡ್ತಾರೆ ಅಂದ್ರಲ್ಲ, ಅದಕ್ಕೊಂದು ಸಂಗತಿ ಹೇಳ್ತೀನಿ. ಜುಲೈನಲ್ಲಿ ಹರಿಹರದ ಕಡೆಯಿಂದ ಒಬ್ಬ ಅಜ್ಜೀನ ಕರ್ಕೊಂಡು ಬಂದ್ರು, ಇದೇ ಕಂಪ್ಲೇಂಟು. ನಾನು ಎರಡು ಮಾಸ್ಕ್ ಹಾಕ್ಕೊಂಡು, ಮೇಲೆ ಆ ಪ್ಲಾಸ್ಟಿಕ್ ಶೀಲ್ಡ್ ಬೇರೆ ಹಾಕ್ಕೊಂಡು ಟೇಬಲ್ ಆಚೆ ಕೂತು ಮಾತ್ರೆ ತಗೊಂಡ್ರಾ ಅಮ್ಮ ಅಂದೆ. ಜಾತ್ರೆ ಈ ವರ್ಷ ಇಲ್ಲಪ್ಪ, ಮುಂದಿನ ವರ್ಷ ಐತಂತೆ ಅಂದ್ರು. ಮಗ ನನ್ನ ಕಡೆ ನೋಡ್ದ, ನೋಡಿದ್ರಾ ಸಾರ್ ಅನ್ನೋ ಹಂಗೆ. ಅವ್ರನ್ನ ಎಬ್ಬಿಸಿ ಹೊರಗಡೆ ಬೇವಿನ ಮರದ ಕೆಳಗೆ ಕುರ್ಚಿ ಹಾಕ್ಸಿ, ನಾನು ಒಂದು ಎಂಟು ಅಡಿ ದೂರ ನಿಂತು ಮಾಸ್ಕ್ ಇಳಿಸಿ ಅದೇ ಪ್ರಶ್ನೆ ಕೇಳ್ದೆ. ಬಿಪಿದು ತಗೊಂಡೆ, ಶುಗರಿಂದು ಉಂಡ ಮೇಲೆ ಅಂತ ಪಟ್ ಅಂತ ಉತ್ತರ ಬಂತು. ವಯಸ್ಸಾದ ಕಿವಿಗೆ ಸ್ವರ ಕೇಳುತ್ತೆ, ವ್ಯಂಜನ ಜಾರಿ ಹೋಗುತ್ತೆ, ಹಂಗಾಗಿ ಅವ್ರಿಗೆ ಬಿದ್ದಿದ್ದು ‘ಆತ್ರೆ’ ಅನ್ನೋ ಸದ್ದು ಅಷ್ಟೇ. ಉಳಿದಿದ್ದನ್ನ ಇಷ್ಟು ವರ್ಷ ಎದುರಿಗಿರೋರ ತುಟಿ ನೋಡಿ ತುಂಬ್ಕೊತಿದ್ರು, ಮಾಸ್ಕ್ ಬಂದು ತುಟೀನೂ ಮುಚ್ತು, ಸದ್ದನ್ನೂ ಮಂದ ಮಾಡ್ತು. ನಿಮ್ಮ ಅತ್ತೆ ಕಿವೀಲಿ ಗುಗ್ಗೆ ಕಟ್ಕೊಂಡಿದ್ಯಾ ಅಂತ ಇಎನ್‌ಟಿ ಹತ್ರ ಒಂದ್ಸಲ ತೋರ್ಸಿ. ಕಿವಿಕಡ್ಡಿ, ಪಿನ್ನು ಹಾಕಿ ನೀವೇ ತೆಗೆಯೋಕೆ ಹೋಗ್ಬೇಡಿ. ಮಾತಾಡೋವಾಗ ಬಾಗಿಲಾಚೆಯಿಂದ ಕೂಗ್ಬೇಡಿ, ಟಿವಿ ಆಫ್ ಮಾಡಿ, ಬೆಳಕಿರೋ ಕಡೆ ಮುಖ ಕಾಣೋ ಹಂಗೆ ನಿಂತು ನಿಧಾನಕ್ಕೆ ಹೇಳಿ.

ಟಿವಿ ಅಂದ್ಮೇಲೆ, ದಿನವಿಡೀ ನ್ಯೂಸ್ ಚಾನೆಲ್ ಹಚ್ಚಿ ಕೂರಿಸಬೇಡಿ. ಇವತ್ತೆಷ್ಟು ಕೇಸು, ಎಷ್ಟು ಸಾವು ಅಂತ ಗ್ರಾಫಿಕ್ಸ್ ಹಾಕಿ ಕಿರುಚೋದನ್ನ ಒಬ್ಬರೇ ಕೂತು ನಾಲ್ಕು ತಿಂಗಳು ನೋಡಿದ್ರೆ ನನಗೂ ನಿದ್ದೆ ಬರಲ್ಲ.

ಕಷಾಯ ಸ್ಟೀಮ್ ವಿಷಯ ಬೇಗ ಮುಗಿಸ್ತೀನಿ. ಶುಂಠಿ ಮೆಣಸು ತುಳಸಿ ಹಾಕಿ ಬೆಳಿಗ್ಗೆ ಒಂದು ಸಣ್ಣ ಲೋಟ ಕುಡಿದ್ರೆ ಗಂಟಲಿಗೆ ಹಿತ, ಅದರ ಮೇಲೆ ಅದಕ್ಕೆ ಕೊರೊನಾ ತಡೆಯೋ ಶಕ್ತಿ ಇಲ್ಲ. ಎರಡು ಹೊತ್ತು ಖಾರ ಕಷಾಯ ಕುಡಿದ್ರೆ ಹೊಟ್ಟೆ ಉರೀದೆ ಏನಾಗುತ್ತೆ, ಉರಿಯೋ ಹೊಟ್ಟೆಗೆ ಊಟ ಸೇರಲ್ಲ. ಅದಕ್ಕೆ ಜ್ಯೇಷ್ಠಮಧು ಹಾಕ್ತಿದೀರಾ ನೋಡಿ, ಅತಿಮಧುರ ಅಂತಾನೂ ಅಂತಾರೆ, ಗಂಟಲಿಗೆ ಒಳ್ಳೇದು ಅಂತ ಬಹಳ ಮನೇಲಿ ಸೇರಿಸ್ತಾರೆ. ದಿನಾ ತಗೊಂಡ್ರೆ ಅದು ಬಿಪಿ ಏರಿಸುತ್ತೆ, ಪೊಟ್ಯಾಸಿಯಂ ಇಳಿಸುತ್ತೆ. ನಿಮ್ಮ 160ಕ್ಕೆ ಅದೇ ಕಾರಣ ಅಂತ ಇಲ್ಲಿಂದ ಹೇಳೋಕಾಗಲ್ಲ, ಆದ್ರೆ ಹಾಕ್ತಿದ್ರೆ ಇವತ್ತೇ ನಿಲ್ಲಿಸಿ. ಸ್ಟೀಮಿಂದ ಮೂಗು ಕಟ್ಟಿದ್ರೆ ಬಿಡುತ್ತೆ, ವೈರಸ್ ಸಾಯಲ್ಲ. ಕುದಿಯೋ ನೀರಿನ ಪಾತ್ರೆ ಮೈಮೇಲೆ ಚೆಲ್ಲಿಕೊಂಡು ತೊಡೆ ಸುಟ್ಕೊಂಡು ಬಂದೋರನ್ನ ನೋಡಿದೀನಿ, 73ರ ಶುಗರ್ ಪೇಷೆಂಟಿಗೆ ಆ ಗಾಯ ಮಾಯೋಕೆ ತಿಂಗಳುಗಟ್ಟಲೆ ಬೇಕು. ಮೂರು ಹೊತ್ತು ಬೇಡ, ಒಂದು ಹೊತ್ತೂ ಬೇಡ.

ಈಗ ನಿಮ್ಮ ಪ್ರಶ್ನೆ. ಈ ವೈರಸ್ ಮುಖ್ಯವಾಗಿ ಹರಡೋದು ಉಸಿರಿಂದ, ಮಾತಾಡುವಾಗ ಕೆಮ್ಮುವಾಗ ಬರೋ ಸಣ್ಣ ಹನಿಗಳಿಂದ, ಅದರಲ್ಲೂ ಕಿಟಕಿ ಮುಚ್ಚಿದ ಕೋಣೇಲಿ ಹತ್ರ ಕೂತು ಬಹಳ ಹೊತ್ತು ಮಾತಾಡಿದ್ರೆ. ತಟ್ಟೆ ಲೋಟ ಬೇರೆ ಇಡೋದು, ತರಕಾರಿ ಸೋಪಲ್ಲಿ ತೊಳೆಯೋದು, ನೋಟಿಗೆ ಇಸ್ತ್ರಿ ಹಾಕೋದು ಇವೆಲ್ಲ ಹೋದ ವರ್ಷದ ಭಯ, ಅದರಿಂದ ಅಂಟೋ ಸಾಧ್ಯತೆ ಬಹಳ ಕಮ್ಮಿ. ಊಟಕ್ಕೆ ಮುಂಚೆ ಕೈ ತೊಳೆದ್ರೆ ಸಾಕು. ಈಗ ನಿಮ್ಮ ಮನೆ ಲೆಕ್ಕ ಹಾಕಿ ನೋಡೋಣ. ಇಷ್ಟು ದಿನ ಮನೇಲೇ ಮೊಬೈಲ್ ಹಿಡ್ಕೊಂಡು ಆನ್‌ಲೈನ್ ಕ್ಲಾಸ್ ಕೇಳ್ತಿದ್ದ ಹುಡುಗನ್ನ ಮೆಟ್ಟಿಲು ಹತ್ತೋಕೆ ಬಿಟ್ಟಿಲ್ಲ. ಮಂಡಿಪೇಟೆಯಂಥ ಗಿಜಿಗುಡೋ ಜಾಗದಲ್ಲಿ ಬೆಳಿಗ್ಗೆಯಿಂದ ರಾತ್ರಿವರೆಗೆ ನೂರು ಜನಕ್ಕೆ ಅಕ್ಕಿ ಬೇಳೆ ತೂಗಿ ಕೊಟ್ಟೋರು ಮಾತ್ರ ದಿನಾ ರಾತ್ರಿ ಅದೇ ರೂಮಲ್ಲಿ ಅರ್ಧ ಗಂಟೆ ಅಮ್ಮನ ಪಕ್ಕ ಮಂಚದ ಮೇಲೆ ಕೂತು ಬರ್ತಿದ್ದಾರೆ. ನೀವು ಬರೆದಿಲ್ಲ, ಆದ್ರೂ ಮಾಸ್ಕ್ ಇಲ್ದೆ, ಸೊಳ್ಳೆ ಬರುತ್ತೆ ಅಂತ ಕಿಟಕಿ ಹಾಕ್ಕೊಂಡು ಅಂತ ನನ್ನ ಊಹೆ. ವೈರಸ್ ಮೇಲಕ್ಕೆ ಹೋಗೋ ದಾರಿ ಇದ್ದಿದ್ದೇ ಅದೊಂದು, ಅದನ್ನ ನೀವು ಮುಚ್ಚೇ ಇಲ್ಲ. ಅವ್ರ ಮೇಲೆ ತಪ್ಪು ಹೊರಿಸ್ತಿಲ್ಲ ತಾಯಿ. ಏಪ್ರಿಲ್ ಮೇ ತಿಂಗಳಲ್ಲಿ ಈ ಊರಲ್ಲಿ ಬೆಡ್ಡಿಗೆ, ಆಕ್ಸಿಜನ್‌ಗೆ ಜನ ಹೆಂಗೆ ಅಲೆದ್ರು ಅಂತ ನೋಡಿದ ಯಾವ ಮಗ ಆದ್ರೂ ತಾಯೀನ ಎತ್ತಿ ಎಲ್ಲಾದ್ರೂ ಬಚ್ಚಿಡೋಣ ಅಂತಾನೇ ಅನ್ಕೋತಾನೆ.

ನಾನೂ ಅದನ್ನೇ ಮಾಡಿದೋನು. ನಮ್ಮವ್ವ ಜಗಳೂರು ಕಡೆ ಹಳ್ಳೀಲಿ ತಮ್ಮನ ಮನೇಲಿರೋದು. ಹೋದ ವರ್ಷ ಮಾರ್ಚ್ 25ಕ್ಕೆ ಲಾಕ್‌ಡೌನ್ ಆದ ದಿನಾನೇ ಫೋನ್ ಮಾಡಿ ಅವ್ವನ್ನ ಹೊಸಲು ದಾಟ್ಸಬೇಡಿ, ಒಲೆ ಮುಂದೆ ಕೂರಿಸಬೇಡಿ, ಹಿತ್ತಲಿಗೂ ಬೇಡ ಅಂತ ದೊಡ್ಡ ಡಾಕ್ಟರ ಥರ ಆರ್ಡರ್ ಮಾಡಿದ್ದೆ. ಜೂನಲ್ಲಿ ಹೋಗಿ ನೋಡಿದ್ರೆ ಚಾಪೆಯಿಂದ ಏಳೋಕೆ ಇಬ್ರು ಬೇಕು. ಯಾವ ಕಾಯಿಲೇನೂ ಇಲ್ಲ, ನಾಡಿ ನೋಡೋಣ ಅಂತ ಕೈ ಹಿಡ್ಕೊಂಡೆ, ಐವತ್ತು ವರ್ಷ ರೊಟ್ಟಿ ಬಡಿದು ಹಂಚಿನ ಥರ ಗಟ್ಟಿಯಾಗಿದ್ದ ಅಂಗೈ ಮಗುವಿನ ಕೈ ಹಂಗೆ ಮೆತ್ತಗಾಗಿಬಿಟ್ಟಿತ್ತು. ಕುಂದ್ರಿಸಿ ಉಣ್ಣಾಕಿಟ್ರಿ, ಏಳಾಕೆ ಕಾಲೇ ಇಲ್ದಂಗಾತು ನೋಡಪ್ಪ ಅಂತು. ವಯಸ್ಸಾದೋರ ತೊಡೆ ಮಾಂಸ ಕೂತ್ರೆ ಕರಗೋದು ದಿನಗಳ ಲೆಕ್ಕದಲ್ಲಿ, ಮತ್ತೆ ಕಟ್ಟೋದು ತಿಂಗಳುಗಳ ಲೆಕ್ಕದಲ್ಲಿ, ಇದನ್ನ ಓದಿದ್ದೆ, ಪೇಷೆಂಟುಗಳಿಗೆ ಹೇಳ್ತಾನೂ ಇದ್ದೆ, ನಮ್ಮವ್ವನ ವಿಷಯಕ್ಕೆ ಬಂದಾಗ ನೆನಪಾಗಲಿಲ್ಲ ಅಷ್ಟೇ.

ಅದಕ್ಕೇ ಹೇಳ್ತಿರೋದು, ನಿಮ್ಮ ಅತ್ತೆಗೆ ಬೇಕಾದ ದೂರ ಬೇರೆಯವ್ರ ಉಸಿರಿಂದ. ನೀವು ದೂರ ಇಟ್ಟಿದ್ದು ಅಡುಗೆಮನೆಯಿಂದ, ಮನೆ ಸುದ್ದಿಯಿಂದ, ಇವತ್ತು ಹಾಲಿನೋನು ಬಂದ್ನಾ ಇಲ್ವಾ ಅನ್ನೋದರಿಂದ. ಏಪ್ರಿಲ್‌ವರೆಗೆ ಅವ್ರು ದಿನಾ ಏನೇನು ಕೆಲಸ ಮಾಡ್ತಿದ್ರು ಅಂತ ಒಂದು ಕಾಗದದ ಮೇಲೆ ಬರೀರಿ. ಮೊಮ್ಮಗಳಿಗೆ ಜಡೆ ಹಾಕೋದು, ಅಕ್ಕಿ ಆರ್ಸೋದು, ಶೇಂಗಾ ಹುರಿದು ಚಟ್ನಿಪುಡಿ ಕುಟ್ಟೋದು, ಹೂ ಕಟ್ಟೋದು, ಮಂಡಕ್ಕಿ ಒಗ್ಗರಣೆಗೆ ಎಷ್ಟು ಖಾರ ಅಂತ ಜಗಳ ಆಡೋದು, ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿರುತ್ತೆ. ಅದರಲ್ಲಿ ಈಗ ಎಷ್ಟು ಉಳಿದಿದೆ ನೋಡಿ. ಏನೂ ಉಳಿದಿಲ್ಲ ಅಂದ್ರೆ ಹಗಲು ಮಲಗದೆ ಇನ್ನೇನು ಮಾಡ್ತಾರೆ, ಹಗಲೆಲ್ಲ ಮಲಗಿದೋರಿಗೆ ರಾತ್ರಿ ನಿದ್ದೆ ಎಲ್ಲಿಂದ ಬರುತ್ತೆ.

ಹಂಗಾದ್ರೆ ಏನು ಮಾಡೋದು. ಮೇಲೇ ಇಡೋದು ಒಂದು ದಾರಿ, ಕೊರೊನಾ ಅಪಾಯ ಸ್ವಲ್ಪ ಕಮ್ಮಿ ಆಗ್ಬೋದು, ಆದ್ರೆ ರಾತ್ರಿ ಮಂಪರಲ್ಲಿ ಎದ್ದು ಆ ಮೆಟ್ಟಿಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ್ರೆ ಅದು ಕೊರೊನಾಗಿಂತ ಕಮ್ಮಿ ಕಾಯಿಲೆ ಅಲ್ಲ, ಶುಗರ್ ಇಳಿದು ಬಿದ್ದಿದ್ರೂ ಬೆಳಿಗ್ಗೆ ತಿಂಡಿ ತರೋವರೆಗೆ ಯಾರಿಗೂ ಗೊತ್ತಾಗಲ್ಲ. ಎಲ್ಲ ಮರೆತು ಮೊದಲಿನ ಥರ ಇರೋದು ಇನ್ನೊಂದು ದಾರಿ, ಅದನ್ನೂ ನಾನು ಹೇಳಲ್ಲ. ಎರಡು ಡೋಸ್ ಆದೋರಿಗೂ ಸೋಂಕು ಬರುತ್ತೆ, ಸೀರಿಯಸ್ ಆಗೋದು, ಸಾಯೋದು ಬಹಳ ಕಮ್ಮಿ ಆಗಿದೆ ಅಷ್ಟೇ, ಮಕ್ಕಳಿಗಂತೂ 2021ರಲ್ಲಿ ಲಸಿಕೆ ಹಾಕೋಕೆ ಶುರುವೇ ಆಗಿರ್ಲಿಲ್ಲ.

ನಾನಾಗಿದ್ರೆ ಕೆಳಗೆ ಕರ್ಕೊಂಡು ಬರ್ತಿದ್ದೆ. ಮಲಗೋಕೆ ಕೆಳಗೇ ಕಿಟಕಿ ಇರೋ ಒಂದು ಕೋಣೆ ಅವ್ರಿಗೆ, ಹಗಲು ಜಗುಲಿ ಇಲ್ಲಾ ಪಡಸಾಲೆ, ಬಾಗಿಲು ಕಿಟಕಿ ತೆಗೆದೇ ಇರ್ಲಿ, ಸೊಳ್ಳೆಗೆ ಜಾಲರಿ ಹಾಕ್ಸಿ. ಮಗ ಸ್ಕೂಲಿಂದ ಬಂದು ಬಟ್ಟೆ ಬದಲಾಯಿಸಿ ಕೈಕಾಲು ಮುಖ ತೊಳ್ಕೊಂಡು ಜಗುಲೀಲಿ ಅಜ್ಜಿ ಹತ್ರ ಕೂತ್ಕೊಳ್ಲಿ, ಮನೆ ಒಳಗಾದ್ರೆ ಮಾಸ್ಕ್ ಇರ್ಲಿ. ನಿಮ್ಮನೆಯವ್ರಿಗೂ ಅದೇ ರೂಲ್ಸು, ಅವ್ರಿಗೇ ಮೊದಲು. ಉಣ್ಣೋವಾಗ ಮಾಸ್ಕ್ ಇರಲ್ವಲ್ಲ, ಅದಕ್ಕೆ ಅತ್ತೆಗೆ ಅರ್ಧ ಗಂಟೆ ಮೊದಲು ಬಡಿಸಿ, ನೀವೊಬ್ರು ಜೊತೆಗೆ ಸ್ವಲ್ಪ ದೂರ ಕೂತ್ಕೊಳ್ಳಿ, ಒಬ್ಬರನ್ನೇ ಬಿಡಬೇಡಿ. ನೀವಿಬ್ರೂ ಎಷ್ಟು ಡೋಸ್ ತಗೊಂಡಿದೀರ ಅಂತ ಬರೆದಿಲ್ಲ, ಎರಡನೇದು ಬಾಕಿ ಇದ್ರೆ 84 ದಿನ ಆದ ಕೂಡ್ಲೇ (2021ರಲ್ಲಿ ಕೋವಿಶೀಲ್ಡಿಗೆ ಇದ್ದ ಅಂತರ ಅದು) ಹೋಗಿ ಹಾಕ್ಸಿಕೊಳ್ಳಿ. ನಿಮ್ಮ ತೋಳಿಗೆ ಬೀಳೋ ಸೂಜಿ ಅವ್ರಿಗೂ ಒಂದು ಬೇಲಿ. ಮುಂದಿನ ವಾರ ಗಣೇಶನ ಹಬ್ಬ, ಕಡುಬು ಮಾಡೋಕೆ ಅವ್ರನ್ನ ಕೂರಿಸಿ, ನೆಂಟರನ್ನ ಮಾತ್ರ ಈ ಸಲ ಬಾಗಿಲಲ್ಲೇ ಮಾತಾಡ್ಸಿ ಕಳಿಸಿ.

ಮೇಲಿನ ರೂಮನ್ನ ಖಾಲಿ ಇಟ್ಕೊಳ್ಳಿ. ಮನೇಲಿ ಯಾರಿಗಾದ್ರೂ ಗಂಟಲು ಕೆರೆತ, ಜ್ವರ, ಮೈಕೈ ನೋವು ಶುರುವಾದ್ರೆ ಅವ್ರು ಅವತ್ತೇ ಮೇಲಕ್ಕೆ ಹೋಗ್ಲಿ, ಟೆಸ್ಟ್ ರಿಪೋರ್ಟ್ ಬರೋವರೆಗೆ ಕಾಯೋದು ಬೇಡ. ಉಷಾರಿಲ್ಲದೋರಿಗೆ ಅಂತ ಇರೋ ರೂಮಲ್ಲಿ ನೀವು ಉಷಾರಾಗಿದ್ದೋರನ್ನ ಇಟ್ಟಿದ್ರಿ ನೋಡಿ.

ಇಳಿಸೋವಾಗ ಒಂದು ಎಚ್ಚರ. ನಾಲ್ಕು ತಿಂಗಳಿಂದ ಮೆಟ್ಟಿಲು ಇಳಿದಿದ್ದೇ ಅಪರೂಪ ಅವ್ರು. ಮಂಚದಿಂದ ಎದ್ದ ಕೂಡ್ಲೇ ನಡೆಸಬೇಡಿ, ಎರಡು ನಿಮಿಷ ಕಾಲು ಇಳಿಬಿಟ್ಟು ಕೂರಲಿ, ಆಮೇಲೆ ಒಬ್ರು ಮುಂದೆ ಒಬ್ರು ಹಿಂದೆ. ದಿನಾ ಕುರ್ಚಿ ಕೈ ಹಿಡ್ಕೊಂಡು ಎದ್ದು ಕೂರೋದು ಐದೈದು ಸಲ, ಬೆಳಿಗ್ಗೆ ಸಂಜೆ, ತೊಡೆಗೆ ಅದಕ್ಕಿಂತ ಒಳ್ಳೆ ಔಷಧಿ ಇಲ್ಲ. ಮನೇಲಿ ಆಕ್ಸಿಮೀಟರ್ ಇದ್ರೆ ಬೆರಳು ಬೆಚ್ಚಗಿದ್ದಾಗ, ಐದು ನಿಮಿಷ ಸುಮ್ನೆ ಕೂತ ಮೇಲೆ ನೋಡಿ, ಉಗುರಿಗೆ ಮೆಹಂದಿ ಇದ್ರೆ ರೀಡಿಂಗ್ ತಪ್ಪಾಗ್ಬೋದು. ವಯಸ್ಸಾದೋರಿಗೆ ಕೊರೊನಾ ಬಂದ್ರೂ ಜ್ವರ ಬರದೇ ಇರ್ಬೋದು, ಇದ್ದಕ್ಕಿದ್ದಂಗೆ ಊಟ ಪೂರ್ತಿ ಬಿಟ್ರು, ತುಂಬಾ ಸುಸ್ತು, ಎಡವಿ ಬಿದ್ರು, ಅಥವಾ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸ್ತು ಅಂದ್ರೆ ಫೋನಲ್ಲಿ ಕೇಳ್ತಾ ಕೂರದೆ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಕೊನೇದು, ನೀವು ಪತ್ರದಲ್ಲಿ ಒಂದೇ ಸಾಲಲ್ಲಿ ಹೇಳಿ ಮುಂದೆ ಹೋಗಿದ್ದು. ಅವ್ರ ತಂಗಿ. ತಾಯಿ, ನಿಮ್ಮ ಅತ್ತೆಗೆ ಗೊತ್ತಿದೆ ಅಂತ ನನ್ನ ಅನಿಸಿಕೆ. ಅಕ್ಕ ತಂಗಿ ಫೋನಲ್ಲಿ ಮಾತಾಡ್ಕೊಂಡಿದ್ದೋರು ತಾನೇ, ಮೇನಿಂದ ಒಂದು ಫೋನೂ ಬಂದಿಲ್ಲ, ಕೇಳಿದ್ರೆ ನೀವು ಏನೋ ಹೇಳಿ ಮಾತು ತಿರುಗಿಸ್ತಿದೀರಿ, ಟಿವೀಲಿ ದಿನಾ ಸಾವು. ಇಷ್ಟು ಸಾಕು. ಮೊಮ್ಮಗಳನ್ನ ಆ ಹೆಸರಲ್ಲಿ ಕರೆದಿದ್ದು ಮರೆವು ಅಂತ ನೀವು ಓದಿದ್ರಿ, ನಾನು ಅದನ್ನ ಆ ಹೆಸರು ಬಾಯಲ್ಲೇ ಕೂತಿದೆ ಅಂತ ಓದ್ತೀನಿ.

ಹೇಳಿ. ಮಗನೇ ಹೇಳ್ಬೇಕು, ಹಗಲು ಹೊತ್ತಲ್ಲಿ, ಅವ್ರು ಉಂಡ ಮೇಲೆ, ಅಂಗಡಿಗೆ ಅವತ್ತು ರಜೆ ಹಾಕಿ. ಸೀರಿಯಸ್ ಇದ್ರಂತೆ, ಆಸ್ಪತ್ರೇಲಿದ್ರಂತೆ ಅಂತ ಸುತ್ತಿ ಬಳಸಿ ಬೇಡ, ಚಿಗವ್ವ ಮೇ ತಿಂಗಳಲ್ಲಿ ತೀರ್ಕೊಂಡ್ಲವ್ವ, ನಿನಗೆ ಹೇಳೋಕೆ ನಮಗೆ ಧೈರ್ಯ ಆಗ್ಲಿಲ್ಲ ಅಂತ ನೇರವಾಗಿ. ಅಳ್ತಾರೆ, ಬೈತಾರೆ, ಮುಚ್ಚಿಟ್ಟಿದ್ದಕ್ಕೆ ಜಾಸ್ತಿ ಬೈತಾರೆ, ಬೈಸಿಕೊಳ್ಳಿ. ಎದೆ ಒಡೆದು ಹೋಗುತ್ತೆ ಅನ್ನೋ ಭಯ ನನಗೂ ಅರ್ಥ ಆಗುತ್ತೆ, ಸುದ್ದಿ ಕೇಳಿ ಹೃದಯಕ್ಕೆ ತೊಂದರೆ ಆಗೋದು ಇಲ್ವೇ ಇಲ್ಲ ಅಂತಲ್ಲ, ಅಪರೂಪ. ಅದಕ್ಕೇ ಮೊದಲು ಶುಗರ್ ಬಿಪಿ ಒಂದು ವಾರ ಹದಕ್ಕೆ ತಂದು ಆಮೇಲೆ ಹೇಳಿ ಅಂತಿದೀನಿ, ಆ ದಿನ ಊಟ ಬಿಟ್ರೆ ಶುಗರ್ ಮಾತ್ರೆ ಏನು ಮಾಡ್ಬೇಕು ಅಂತಾನೂ ಡಾಕ್ಟ್ರನ್ನ ಮೊದಲೇ ಕೇಳಿಟ್ಕೊಳ್ಳಿ. ತಂಗಿ ಮಕ್ಕಳ ಜೊತೆ ಫೋನಲ್ಲಿ ಮಾತಾಡ್ಸಿ, ವಿಡಿಯೋ ಕಾಲ್ ಆದ್ರೆ ತುಟಿ ಕಾಣುತ್ತೆ, ಅವ್ರಿಗೆ ಮಾತು ಚೆನ್ನಾಗಿ ಗೊತ್ತಾಗುತ್ತೆ. ಮುಖ ನೋಡೋಕಾಗ್ಲಿಲ್ಲ ಅನ್ನೋದು ಅವ್ರನ್ನ ಬಹಳ ದಿನ ಕಾಡುತ್ತೆ, ಮನೇಲಿ ಫೋಟೋ ಇಟ್ಟು ಪೂಜೆ ಮಾಡ್ಬೇಕು, ನಾಲ್ಕು ಜನಕ್ಕೆ ಊಟ ಹಾಕ್ಬೇಕು ಅಂದ್ರೆ ಬೇಡ ಅನ್ಬೇಡಿ. ತಿಂಗಳು ಒಂದೂವರೆ ತಿಂಗಳು ಕಳೆದ್ರೂ ಊಟ ನಿದ್ದೆ ದಾರಿಗೆ ಬರ್ಲಿಲ್ಲ, ನಾನ್ಯಾಕಿರಬೇಕು ಅನ್ನೋ ಮಾತು ಶುರು ಮಾಡಿದ್ರು ಅಂದ್ರೆ ಮನೋವೈದ್ಯರಿಗೆ ತೋರ್ಸಿ, ಈ ವಯಸ್ಸಲ್ಲೂ ಖಿನ್ನತೆಗೆ ಔಷಧಿ ಕೆಲಸ ಮಾಡುತ್ತೆ. ನಿಮಗೇ ಯಾರ ಹತ್ರಾನಾದ್ರೂ ಮಾತಾಡ್ಬೇಕು ಅನ್ಸಿದ್ರೆ ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಕಾಲ್ ಫ್ರೀ.

ಒಂದು ವಾರದ ಶುಗರ್ ಬಿಪಿ ರೀಡಿಂಗು, ಏನು ಉಂಡ್ರು, ಎಷ್ಟೊತ್ತಿಗೆ ಎದ್ರು ಅಂತ ಅಂಗಡಿ ಲೆಕ್ಕದ ಪುಸ್ತಕದಲ್ಲೇ ಒಂದು ಹಾಳೆ ಮಾಡಿ ಬರೆದಿಡಿ, ಡಾಕ್ಟ್ರ ಹತ್ರ ಹೋಗೋವಾಗ ಮಾತ್ರೆ ಸ್ಟ್ರಿಪ್ಪುಗಳ ಜೊತೆ ಅದನ್ನೂ ತಗೊಂಡು ಹೋಗಿ. ನಿಮ್ಮ ಮಗಳಿಗೂ ಹೇಳಿ, ಅಜ್ಜಿ ಇನ್ನೊಂದ್ಸಲ ಆ ಹೆಸರಲ್ಲಿ ಕರೆದ್ರೆ ಅದು ನನ್ನ ಹೆಸರಲ್ಲ ಅಂತ ತಿದ್ದೋದು ಬೇಡ, ಆ ಅಜ್ಜಿ ಹೆಂಗಿದ್ರು ಅಂತ ಕೇಳ್ಲಿ.